ಹತ್ತಿಗೂ ಪಾಪಕ್ಕೂ ದರ್ಜೆ ಹೇಳಿದವರು

ನಾನು ಮೊದಲಿನಿಂದಲೂ ಸಂಶಯದ ಪ್ರಾಣಿ. ಹಾಲಿನವಳು ನಕ್ಕು ಮಾತಾಡಿದರೆ ಆ ದಿನ ಹಾಲಿಗೆ ನೀರು ಹೆಚ್ಚು ಬಿದ್ದಿದೆ ಎಂದೇ ತಿಳಿಯುತ್ತೇನೆ. ನೆಂಟರು ಕರೆಯದೆ ಬಂದರೆ ನೀರು ಕೊಡುವ ಮೊದಲು ಬಂದ ಕಾರಣ ಹುಡುಕುತ್ತೇನೆ. ಹತ್ತಿ ಮಾರುಕಟ್ಟೆಯಲ್ಲಿ ತೂಕದ ಗುಮಾಸ್ತನಾಗಿ ವರ್ಷಗಟ್ಟಲೆ ಕಾಟಾದ ಮುಂದೆ ಕೂತವನಿಗೆ ಈ ಗುಣ ಬೇಕೇ ಬೇಕು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಅಷ್ಟು ಧೈರ್ಯದಿಂದ ಹೇಳಲಾರೆ. ಅದಕ್ಕೆ ಕಾರಣರಾದವರು ಈ ಬೇಸಿಗೆಯಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬಂದ ಮೇಲೆ ಬರೆಯದೆ ಇರಲಾಗಲಿಲ್ಲ.

ಅವರು ನಮ್ಮ ಮಾರುಕಟ್ಟೆಯ ಹತ್ತಿ ಗ್ರೇಡರ್. ಎದುರಿಗೆ ಎಲ್ಲರೂ "ಗ್ರೇಡರ್ ಸಾಹೇಬ್ರ" ಅನ್ನುತ್ತಿದ್ದರು. ಬೆನ್ನ ಹಿಂದೆ "ಪಾದ್ರಿ". ಅವರು ಪಾದ್ರಿ ಅಲ್ಲ, ಹೆಂಡತಿ ಇದ್ದ ಸಂಸಾರಸ್ಥರು. ಆದರೆ ನಮ್ಮ ಪೇಟೆಗೆ ಕ್ರೈಸ್ತ ಅಂದರೆ ಪಾದ್ರಿಯೇ. ಪೇಟೆಯ ಹೆಸರು ಬೇಡ. ಅಣ್ಣಿಗೇರಿಯ ಕಡೆಯದು, ಶಲವಡಿಯ ರೈತರು ಚಕ್ಕಡಿ ಕಟ್ಟಿ ಹತ್ತಿ ತರುವಷ್ಟು ಹತ್ತಿರದ್ದು ಅಂದರೆ ಸಾಕು.

ಎಪ್ಪತ್ತೆರಡರ ಬರ ಕಳೆದ ಮರುವರ್ಷ ಅವರು ಬಂದರು. ಹುಬ್ಬಳ್ಳಿಯ ರೈಲ್ವೆ ಚಾಳಿನಲ್ಲಿ ಬೆಳೆದ ಕೆಥೋಲಿಕರು. ನಮ್ಮಂತೆಯೇ ಮಾತು, ನಮ್ಮಂತೆಯೇ ರೊಟ್ಟಿ, ಖಾರ. ಆದರೂ ಅವರಿಗೆ ಮನೆ ಕೊಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಹಮಾಲರ ಮುಖಂಡ ಹಸನಸಾಬ ತನ್ನ ಮನೆಯ ಬಾಜು ಇದ್ದ ಎರಡು ಕೋಣೆ ಬಿಟ್ಟುಕೊಟ್ಟ. ಗ್ರೇಡ್ ಹಾಕುವವನೂ ಚೀಲ ಹೊರುವವನೂ ಒಂದೇ ಗೋಡೆಯ ಆಚೆ ಈಚೆ ಬಂದರೆ ಅದರ ಅರ್ಥವೇನು ಎಂದು ನಾನು ಒಂದು ವಾರ ಯೋಚಿಸಿದೆ. ಅರ್ಥ ಸಿಗಲಿಲ್ಲ, ಸಂಶಯ ಮಾತ್ರ ಉಳಿಯಿತು.

ಅವರ ಕೆಲಸ ನೋಡುವಂಥದ್ದು. ಹತ್ತಿ ತುಂಬಿದ ದೊಡ್ಡ ಚೀಲಕ್ಕೆ ನಮ್ಮಲ್ಲಿ ಅಂಡಗಿ ಅನ್ನುತ್ತಾರೆ. ಹಿಂದಿದ್ದ ಗ್ರೇಡರು ಅಂಡಗಿಯ ಬಾಯಿ ಬಿಚ್ಚಿ, ಮೇಲಿನ ಹಿಡಿ ಹತ್ತಿ ತೆಗೆದು, ಅದಕ್ಕಿಂತ ಹೆಚ್ಚಾಗಿ ಅಡತ್ಯಾನ, ಅಂದರೆ ರೈತರ ಹತ್ತಿ ಮಾರಿಸುವ ದಲ್ಲಾಳಿಯ, ಮುಖ ನೋಡಿ ದರ್ಜೆ ಬರೆಯುತ್ತಿದ್ದರು. ಇವರು ಅಂಗಿಯ ತೋಳು ಭುಜದವರೆಗೆ ಮಡಚಿ, ಅಂಡಗಿಯೊಳಗೆ ಪೂರ್ತಿ ಕೈ ಇಳಿಸುತ್ತಿದ್ದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಬಿಡುತ್ತಿದ್ದರು. ಹಸಿ ಇದ್ದರೆ ಒಳಗೆ ಕಾವು ಹಿಡಿದಿರುತ್ತದೆ, ಅದು ಕೈಗೆ ಗೊತ್ತಾಗುತ್ತದೆ. ಆಮೇಲೆ ತಳದಿಂದ ಒಂದು ಹಿಡಿ ತೆಗೆದು, ಎರಡು ಹೆಬ್ಬೆರಳ ನಡುವೆ ಎಳೆ ಎಳೆದು, ಮೊಣಕಾಲಿಗೆ ಕಟ್ಟಿಕೊಂಡ ಕರಿ ಬಟ್ಟೆಯ ಮೇಲೆ ಹಾಸಿ ಉದ್ದ ನೋಡುತ್ತಿದ್ದರು. ಏನು ಕೇಳಿದರೂ ಮೊದಲು "ತಡೀರಿ" ಅನ್ನುವುದು ಅವರ ರೂಢಿ.

ಒಂದು ಸಲ ನಮ್ಮ ಪೇಟೆಯ ದೊಡ್ಡ ಅಡತ್ಯಾ ಅವರೆದುರು ನಿಂತು, "ಎರಡನೇ ದರ್ಜಿ ಯಾಕ ಕೊಟ್ರಿ? ಒಂದನೇದು ಕೊಡ್ರಿ, ನಿಮ್ಮ ಗಂಟೇನ ಹೋಗತೈತಿ?" ಅಂದ.

"ತಡೀರಿ. ನಾ ದರ್ಜಿ ಕೊಡಾಂವ ಅಲ್ಲ, ಇದ್ದ ದರ್ಜಿ ಹೇಳಾಂವ. ಕೊಡೂದು ನನ್ನ ಕೈಯಾಗಿದ್ರ ನಿಮಗ ಅಂತ ಅಲ್ಲ, ಎಲ್ಲಾರಿಗೂ ಒಂದನೇದ ಕೊಡತಿದ್ದೆ."

ಮಾತು ಚೆನ್ನಾಗಿತ್ತು. ಇಷ್ಟು ಚೆನ್ನಾಗಿ ಮಾತಾಡುವವರ ಬಗ್ಗೆ ಸ್ವಲ್ಪ ಎಚ್ಚರ ಇರಬೇಕು ಎಂದು ನಾನು ಅಂದುಕೊಂಡೆ. ಅದೇ ತಿಂಗಳು ನನ್ನ ಹೆಂಡತಿಯ ಅಣ್ಣ ಸಂಶಿಯಿಂದ ತಂದ ಹತ್ತಿಗೆ ಅವರು ಮೂರನೇ ದರ್ಜೆ ಬರೆದರು. ಹತ್ತಿಯಲ್ಲಿ ಎಲೆಚೂರು ಕಣ್ಣಿಗೆ ಕಾಣುವಷ್ಟಿತ್ತು. ಆದರೂ ಮನೆಯಲ್ಲಿ ನನಗೆ ಎರಡು ದಿನ ಬಿಸಿ ರೊಟ್ಟಿ ಸಿಗಲಿಲ್ಲ, ಅದನ್ನು ನಾನು ಮರೆಯಲೂ ಇಲ್ಲ.

ಪ್ರತಿ ಶನಿವಾರ ಸಂಜೆ ಅವರು ಪ್ಯಾಸೆಂಜರ್ ಗಾಡಿ ಹಿಡಿದು ಹುಬ್ಬಳ್ಳಿಗೆ ಹೋಗುತ್ತಿದ್ದರು. ಯಾಕೆ ಎಂದು ವಿಚಾರಿಸಿದೆ. ಚರ್ಚಿನಲ್ಲಿ ಪಾದ್ರಿಯ ಮುಂದೆ ಮೊಣಕಾಲೂರಿ ಆ ವಾರದ ಪಾಪ ಹೇಳುವುದಕ್ಕೆ ಎಂದು ತಿಳಿಯಿತು. ನನಗೆ ನಗು ಬಂತು. ವಾರವಿಡೀ ಮಾಡುವುದು, ಶನಿವಾರ ತೊಳೆದುಕೊಳ್ಳುವುದು. ಇಂಥ ಸವಲತ್ತು ಇದ್ದರೆ ಯಾರು ತಾನೆ ಪಾಪ ಮಾಡಲಿಕ್ಕಿಲ್ಲ?

ಚಹಾದ ಅಂಗಡಿಯಲ್ಲಿ ಒಮ್ಮೆ ಇದನ್ನೇ ಕೇಳಿಬಿಟ್ಟೆ. ಅಂದು ಅವರ ಜೊತೆ ಸರಕಾರಿ ದವಾಖಾನೆಯ ಕಂಪೌಂಡರ್ ಕೂಡ ಇದ್ದರು. ಕಂಪೌಂಡರೂ ಕ್ರೈಸ್ತರೇ, ಆದರೆ ಇನ್ನೊಂದು ಪಂಗಡದವರು, ಗದಗಿನ ಪ್ರೊಟೆಸ್ಟಂಟ್ ಚರ್ಚಿನವರು. ನಮ್ಮ ಪೇಟೆಯಲ್ಲಿದ್ದ ಕ್ರೈಸ್ತರು ಇವರಿಬ್ಬರೇ, ಮತ್ತು ಇವರಿಬ್ಬರಿಗೂ ಒಂದು ಮಾತಿಗೂ ಹೊಂದುತ್ತಿರಲಿಲ್ಲ. ದಿನಾ ಜೊತೆಯಲ್ಲಿ ಚಹಾ ಕುಡಿದು ದಿನಾ ಜಗಳಾಡುತ್ತಿದ್ದರು.

"ಹೇಳಿದ್ರ ಮಾಫ್ ಆಗತೈತಿ ಅಂದ್ರ ಬಾಳ ಸಸ್ತಾ ಆತಲ್ರಿ" ಅಂದೆ.

"ತಡೀರಿ," ಅಂದರು ಗ್ರೇಡರ್. "ಹೇಳೂದು ಸಸ್ತಾ ಅಂತ ಯಾರ ಹೇಳಿದ್ರು ನಿಮಗ? ಒಮ್ಮೆ ಹೇಳಿ ನೋಡ್ರಿ. ಮತ್ತ ಎಲ್ಲಾ ಪಾಪ ಒಂದ ತೂಕದ್ದಲ್ಲ. ಹಗುರ ಪಾಪ ಅಂತ ಐತಿ, ಸಾವಿನ ಪಾಪ ಅಂತ ಐತಿ. ಹಗುರದ್ದು ಮಾಡಿದ್ರ ದೇವರ ಕೂಡ ಗೆಳೆತನ ಸಡಲ ಆಗತೈತಿ. ಸಾವಿಂದು ಮಾಡಿದ್ರ ಹರದ ಹೋಗತೈತಿ, ಜೀವದಾಗಿನ ಜೀವಾನ ಸಾಯತೈತಿ."

"ಯಾವುದು ಯಾವ ದರ್ಜಿ ಅಂತ ಹೆಂಗ ತಿಳಿಯೂದು?"

"ಮೂರು ಮಾತು ಕೇಳಕೋಬೇಕು. ವಿಷಯ ದೊಡ್ಡದೇನು? ತಪ್ಪಂತ ಪೂರಾ ಗೊತ್ತಿತ್ತೇನು? ಗೊತ್ತಿದ್ದೂ ಮನಸಾರೆ ಮಾಡಿದ್ದೇನು? ಮೂರಕ್ಕೂ ಹೌದು ಅಂದ್ರ ಅದು ಸಾವಿಂದು. ಒಂದಕ್ಕ ಇಲ್ಲ ಅಂದ್ರೂ ತಪ್ಪು ತಪ್ಪ, ಆದರ ತೂಕ ಬ್ಯಾರೆ."

ಕಂಪೌಂಡರ್ ಚಹಾದ ಬಶಿಯನ್ನು ಕಟ್ಟೆಯ ಮೇಲೆ ಕುಕ್ಕಿದರು. "ಇದು ಇವರ ಹತ್ತಿ ಬಾಜಾರದ ಶಾಸ್ತ್ರ. ಪಾಪ ಅಂದ್ರ ಪಾಪ. ದೇವರ ಮುಂದ ಸಣ್ಣದಿಲ್ಲ ದೊಡ್ಡದಿಲ್ಲ. ಯೇಸು ಸತ್ತದ್ದು ಎಲ್ಲಾದಕ್ಕೂ ಕೂಡಿಸೇ."

"ಸತ್ತದ್ದು ಎಲ್ಲಾದಕ್ಕೂ, ಖರೆ. ಆದರ ಅಂವಗ ಮುಳ್ಳು ಚುಚ್ಚಿದ್ದೂ ಈಟಿ ಚುಚ್ಚಿದ್ದೂ ಒಂದೇನು?"

"ಎರಡೂ ಚುಚ್ಚಿದ್ವು."

"ಹಂಗಾರ ನಿನ್ನೆ ನೀ ನನ್ನ ಗಿರಮಿಟ್ಟಿನ್ಯಾಗಿನ ಉಳ್ಳಾಗಡ್ಡಿ ಆರಿಸಿ ತಿಂದದ್ದೂ ಒಂದ ಕೊಲಿನೂ ಒಂದ?"

ಕಂಪೌಂಡರ್ ಸೋಲಲಿಲ್ಲ. "ನಿನ್ನ ಲೆಕ್ಕದಾಗ ಇನ್ನೊಂದು ಕೇಡು ಐತಿ. ಸಣ್ಣದು ಅಂತ ಹೆಸರಿಟ್ಟ ಕೂಡಲೆ ಮನಷ್ಯಾ ಅದನ್ನ ಮಾಡೂದಕ್ಕ ಹೆದರೂದಿಲ್ಲ" ಅಂದರು. ಗ್ರೇಡರ್ ಶಬ್ದವಿಲ್ಲದೆ ಭುಜ ಕುಣಿಸಿ ನಕ್ಕರು. ನಾನು ಹಣೆಗೆ ವಿಭೂತಿ ಹಚ್ಚಿಕೊಂಡವನು, ಇದರಲ್ಲಿ ನನ್ನದೇನಿದೆ ಎಂದು ಎದ್ದು ಬಂದೆ. ಇಬ್ಬರೂ ಜಗಳ ನಟಿಸಿ ನನ್ನನ್ನು ಒಳಕ್ಕೆ ಎಳೆಯುವ ಉಪಾಯ ಹೂಡಿರಬಹುದೆಂಬ ಗುಮಾನಿಯೂ ಇತ್ತು.

ಅವರ ನಲವತ್ತು ದಿನದ ಉಪವಾಸದ ಕಾಲ ಸರಿಯಾಗಿ ನಮ್ಮ ಹತ್ತಿಯ ಸುಗ್ಗಿಯಲ್ಲೇ ಬರುತ್ತಿತ್ತು. ಆಗ ಅವರು ಚಹಾ ಬಿಡುತ್ತಿದ್ದರು. ಚಹಾ ಬಿಟ್ಟ ಗ್ರೇಡರ್ ಅಂದರೆ ಇಡೀ ಮಾರುಕಟ್ಟೆಗೆ ಶಿಕ್ಷೆ. ಹಮಾಲರ ಮೇಲೆ ಒದರುವುದು, ನನ್ನ ಮೇಲೆ ಹರಿಹಾಯುವುದು. ಸಂಜೆ ತಾವೇ ಬಂದು, "ಚಹಾ ಬಿಟ್ಟದ್ದು ಪುಣ್ಯ, ನಿಮ್ಮ ಮ್ಯಾಲ ಒದರಿದ್ದು ಪಾಪ. ಹಗುರದ್ದ ಖರೆ, ಆದರ ದಿನಕ್ಕ ಹತ್ತ ಆಗಾಕ ಹತ್ಯಾವು" ಅನ್ನುತ್ತಿದ್ದರು. ತಮ್ಮ ಹಗುರ ಪಾಪಗಳ ಬಗ್ಗೆ ಅವರು ಹೀಗೆ ತಮಾಷೆ ಮಾಡಬಲ್ಲವರಾಗಿದ್ದರು. ಆದರೆ ಹತ್ತಿಗೆ ನೀರು ಹೊಡೆದು ತಂದವನು "ಸಣ್ಣದು ಬಿಡ್ರಿ" ಅಂದರೆ ಮುಖ ಕೆಂಪಾಗುತ್ತಿತ್ತು. ಸಣ್ಣದೋ ದೊಡ್ಡದೋ ಎಂದು ಹೇಳುವ ಅಧಿಕಾರ ಮಾಡಿದವನಿಗಿಲ್ಲ ಎಂಬುದು ಅವರ ವಾದ.

ಅವರು ಬಂದ ಮೂರನೆಯ ಸುಗ್ಗಿಯಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ.

ಶಲವಡಿಯ ನೀಲವ್ವ ಎಂಬ ಹೆಣ್ಣುಮಗಳು ಗಂಡ ತೀರಿದ ಮೇಲೆ ತಾನೇ ನಿಂತು ಹೊಲ ಮಾಡಿಸುತ್ತಿದ್ದಳು. ದಿನಾ ಪೇಟೆಗೆ ಬುಟ್ಟಿ ಹೊತ್ತು ಕಾಯಿಪಲ್ಯೆ ಮಾರಲೂ ಬರುತ್ತಿದ್ದಳು. ಒಂದು ಸಂಜೆ ಅವಳು ಖಾಲಿ ಬುಟ್ಟಿ ಹಿಡಿದು ಗ್ರೇಡರ ಮನೆಯಿಂದ ಹೊರಗೆ ಬರುವುದನ್ನು ಕಂಡೆ. ಮಾರನೆಯ ಸಂಜೆಯೂ ಕಂಡೆ. ಮೂರನೆಯ ದಿನ ಬೆಳಗ್ಗೆ ಅವಳ ಹತ್ತಿಯ ಚಕ್ಕಡಿ ಬಂತು. ನಾನು ಅಂಡಗಿ ಮುಟ್ಟಿ ನೋಡಿದೆ, ಚೀಲ ತಣ್ಣಗೆ ಒದ್ದೆಯಾಗಿತ್ತು. ಗ್ರೇಡರ್ ಎಂದಿನಂತೆ ತೋಳು ಮಡಚಿ, ಕೈ ಇಳಿಸಿ, ಕಣ್ಣು ಮುಚ್ಚಿ, ಒಂದನೇ ದರ್ಜೆ ಬರೆದರು. "ಹಸಿ ಐತಲ್ರಿ?" ಅಂದೆ. "ಚೀಲ ಹಸಿ ಐತಿ. ಇಬ್ಬನ್ಯಾಗ ಬಂದಾಳ. ಹತ್ತಿ ಒಣಾ ಐತಿ" ಅಂದು ಮುಂದಿನ ಅಂಡಗಿಗೆ ಹೋದರು.

ಒಳಗೆ ಕೈ ಹಾಕಿ ನೋಡಲು ನನಗೆ ಒಂದು ನಿಮಿಷ ಬೇಕಿತ್ತು. ಹಾಕಲಿಲ್ಲ. ಮನೆಗೆ ಹೋಗಿ ಎಡಗೈಯಿಂದ ಒಂದು ಕಾಗದ ಬರೆದೆ. ಬುಟ್ಟಿ ತುಂಬಿ ಹೋಗಿ ಖಾಲಿಯಾಗಿ ಬಂದದ್ದು, ಹಸಿ ಹತ್ತಿಗೆ ಒಂದನೇ ದರ್ಜೆ ಬಿದ್ದದ್ದು, ಎರಡನ್ನೂ ಸೇರಿಸಿದೆ. ಸಹಿ ಹಾಕದೆ ಮೇಲಿನವರಿಗೆ ಕಳಿಸಿದೆ. ಅವು ತುರ್ತು ಪರಿಸ್ಥಿತಿಯ ದಿನಗಳು, ಮೂಗರ್ಜಿಗೆ ಕಾಲು ಬೇಗ ಮೂಡುತ್ತಿದ್ದವು. ನಾಲ್ಕೇ ದಿನಕ್ಕೆ ಇಬ್ಬರು ಅಧಿಕಾರಿಗಳು ಜೀಪಿನಲ್ಲಿ ಬಂದಿಳಿದರು.

ಹಾಗೇ ಕಟ್ಟಿಟ್ಟಿದ್ದ ನೀಲವ್ವನ ಅಂಡಗಿಗಳನ್ನು ಗೋದಾಮಿನಿಂದ ತರಿಸಿ, ಮಾರುಕಟ್ಟೆಯ ನಡುವೆ ಎಲ್ಲರೆದುರಿಗೆ ಸುರಿಸಿದರು. ಹತ್ತಿ ಬೆಳ್ಳಗೆ ರಾಶಿ ಬಿತ್ತು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. "ಈಗ ಒಣಗೈತಿ. ನಾಕ ದಿನ ಆದ ಮ್ಯಾಲ ಒಣಗದ ಏನ ಮಾಡತೈತಿ?" ಎಂದು ಅಡತ್ಯಾ ಗಟ್ಟಿಯಾಗಿ ಹೇಳಿದ. ಅಧಿಕಾರಿಗಳು ತಲೆಯಾಡಿಸಿದರು. ಗ್ರೇಡರ್ ಏನೋ ಹೇಳಹೋದರು, ಆಪಾದನೆ ಇದ್ದವರು ಸುಮ್ಮನಿರಬೇಕು ಎಂದು ಅಧಿಕಾರಿಗಳು ತಡೆದರು. ನಾನು ಕಾಟಾದ ಬಾಜು ನಿಂತಿದ್ದೆ. ಏನೂ ಅನ್ನಲಿಲ್ಲ.

ವಿಚಾರಣೆ ಮುಗಿಯುವವರೆಗೆ ಎಂದು ಅವರನ್ನು ಕೆಲಸದಿಂದ ಕೆಳಗಿಳಿಸಿದರು. ವಿಚಾರಣೆ ಏಳು ತಿಂಗಳು ನಡೆಯಿತು. ಕೊನೆಗೆ ಏನೂ ಸಿಗಲಿಲ್ಲ, ತಿರುಗಿ ಕೆಲಸಕ್ಕೆ ತೆಗೆದುಕೊಂಡರು. ಆದರೆ ಕಾಗದದಲ್ಲಿ ಮುಗಿದದ್ದು ಬಾಯಲ್ಲಿ ಮುಗಿಯಲಿಲ್ಲ. "ಬೆಂಕಿ ಇಲ್ಲದ ಹೊಗಿ ಆಡತೈತೇನು?" ಎಂಬ ಮಾತು ಚಹಾದ ಅಂಗಡಿಯಲ್ಲಿ ನಿಂತೇಬಿಟ್ಟಿತು. ನೀಲವ್ವ ಮತ್ತೆ ನಮ್ಮ ಮಾರುಕಟ್ಟೆಗೆ ಬರಲಿಲ್ಲ. ಗ್ರೇಡರ್ ಬಂದರು, ಮೊದಲಿನಂತೆಯೇ ತೋಳು ಮಡಚಿದರು. ಅವರು ಅಂಡಗಿಗೆ ಕೈ ಹಾಕಿದಾಗ ಈಗ ನಾಲ್ಕು ಜನ ಸುತ್ತ ನಿಂತು ಅವರ ಕೈಯನ್ನೇ ನೋಡುತ್ತಿದ್ದರು.

ನನಗೆ ಪಶ್ಚಾತ್ತಾಪ ಆಯಿತೇ? ಇಲ್ಲ. ಬರೆದದ್ದು ಅರ್ಧವಾದರೂ ನಿಜವಿದ್ದೀತು ಎಂದುಕೊಂಡು ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದೆ. ನಿದ್ದೆ ಕೆಡಿಸಿದವನು ಹಸನಸಾಬ. ಒಂದು ಮಧ್ಯಾಹ್ನ ಬೀಡಿ ಹಚ್ಚುತ್ತ ತಾನಾಗಿಯೇ ಮಾತು ತೆಗೆದ.

"ನೀಲವ್ವನ ಅಂಗೈಗೆ ಜಾಲಿಮುಳ್ಳ ಮುರದು ಕೀವ ಆಗಿತ್ರಿ. ಗ್ರೇಡರ್ ಸಾಹೇಬರ ಮನಿಯವರಿಗೆ ನರ್ಸಿನ ಕೆಲಸ ಗೊತ್ತೈತಿ. ಕಾಯಿಪಲ್ಯೆ ಮಾರಿ ಬಂದಾಗೊಮ್ಮೆ ಪಟ್ಟಿ ಕಟ್ಟಿಸಿಕೊಂಡ ಹೋಗತಿದ್ಲು. ಅದನ್ನ ಯಾವನೋ ಬಾಡ್ಯಾ ಏನೇನೋ ಮಾಡಿ ಬರದ. ಸಾಹೇಬರು ಹುಬ್ಬಳ್ಳಿ ಚರ್ಚಿನ್ಯಾಗ ಐತ್ವಾರಕ್ಕೊಮ್ಮೆ ಶಾಸ್ತ್ರ ಓದತಿದ್ರಂತ, ಅದನ್ನೂ ಬಿಟ್ಟಾರ. ಮಂದಿ ಮುಖಾ ನೋಡತಾರ ಅಂತ."

ಅವಳ ಕೈಗೆ ಕಟ್ಟಿದ್ದ ಬಿಳಿ ಪಟ್ಟಿಯನ್ನು ನಾನೂ ನೋಡಿದ್ದೆ. ಬುಟ್ಟಿ ನೋಡಿದವನು ಪಟ್ಟಿ ನೋಡಿರಲಿಲ್ಲ ಎಂದು ಹೇಗೆ ಹೇಳಲಿ? ಅಂದಿನಿಂದ ಉಂಡ ಅನ್ನ ಮೈಗೆ ಹತ್ತಲಿಲ್ಲ. ಮೂರು ವಾರ ಹಿಂದೆ ಮುಂದೆ ನೋಡಿ, ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. "ಬರ್ರಿ, ಕೂಡ್ರಿ" ಎಂದು ಒಂದು ಹಿಡಿ ನನ್ನ ಮುಂದೆ ಇಟ್ಟರು. ನಾನು ಕೂಡಲಿಲ್ಲ.

"ಆ ಅರ್ಜಿ ಬರದಾಂವ ನಾನ್ರಿ."

ಅವರ ಕೈ ನಿಂತಿತು. ನಮ್ಮ ಕಡೆ ಒಬ್ಬ ತಪ್ಪು ಒಪ್ಪಿಕೊಂಡರೆ ಎದುರಿನವನು "ಇರ್ಲಿ ಬಿಡ್ರಿ, ಆಗಿದ್ದ ಆತು" ಅನ್ನುವುದು ರೀತಿ. ನಾನು ಅದನ್ನೇ ಕಾಯುತ್ತಿದ್ದೆ. ಅವರು, "ತಡೀರಿ" ಅಂದರು. ಆಮೇಲೆ ಕೇಳಿದರು:

"ಯಾಕ ಬರದ್ರಿ?"

"ಸಂಶಯ ಬಂತ್ರಿ."

"ನಿಮ್ಮ ಭಾವನ ಹತ್ತಿಗೆ ಮೂರನೇ ದರ್ಜಿ ಬರದಿದ್ದೆ. ಅದೂ ಇತ್ತೇನು?"

"ಇತ್ರಿ."

"ಅಂಡಗ್ಯಾಗ ಕೈ ಹಾಕಿ ನೋಡಿದ್ರೇನು?"

"ಇಲ್ರಿ."

"ಹಾಕಿದ್ರ ಖರೆ ಗೊತ್ತಾಗತಿತ್ತು. ಗೊತ್ತಾಗೂದು ಬ್ಯಾಡಾಗಿತ್ತು, ಹೌದಲ್ಲ?"

ಅವರು ಮತ್ತೆ ಶೇಂಗಾ ಸುಲಿಯತೊಡಗಿದರು. "ಅರ್ಜಿ ತಪ್ಪು. ಒಬ್ಬರ ಹೆಸರು ಕೆಡಸೂದು ದೊಡ್ಡ ವಿಷಯನ. ಆದರ ಬರೆಯೂ ಮುಂದ ನಿಮಗ ಅರ್ಧಾ ಖರೆ ಅನಿಸಿತ್ತು, ಪೂರಾ ಗೊತ್ತಿರಲಿಲ್ಲ. ನಾ ಅದನ್ನ ಎಲ್ಲಾಕಿಂತ ಮ್ಯಾಲಿನ ದರ್ಜಿಗೆ ಹಾಕೂದಿಲ್ಲ."

ನನ್ನ ಎದೆ ಹಗುರಾಯಿತು. ಅಳುವೂ ಬಂತು. ಕೈಮುಗಿಯಬೇಕು ಅನ್ನುವಷ್ಟರಲ್ಲಿ ಅವರು ತಲೆ ಎತ್ತಿದರು.

"ನೀಲವ್ವನ ಅಂಡಗಿ ಸುರುವಿದ ದಿವಸ ನೀವು ಎಲ್ಲಿದ್ರಿ?"

"ಕಾಟಾದ ಬಾಜು ಇದ್ದೆ."

"ಹತ್ತಿ ಹೆಂಗಿತ್ತು?"

"ಬೆಳ್ಳಗ ಇತ್ರಿ."

"ಹಸಿ ಹತ್ತಿ ಕಟ್ಟಿದ ಅಂಡಗ್ಯಾಗ ನಾಕ ದಿನ ಇದ್ರ ಬೆಳ್ಳಗ ಉಳಿತೈತೇನು?"

ಉಳಿಯುವುದಿಲ್ಲ. ಕಾವು ಹಿಡಿದು ಹಳದಿಯಾಗುತ್ತದೆ, ವಾಸನೆ ಬರುತ್ತದೆ. ಹೊರಗಿನಿಂದ ಬಂದ ಅಧಿಕಾರಿಗಳಿಗೆ ಅದು ಗೊತ್ತಿರಲಿಕ್ಕಿಲ್ಲ. ಹತ್ತಿಯ ನಡುವೆ ಹುಟ್ಟಿದ ನನಗೆ ಗೊತ್ತಿತ್ತು.

"ಇಲ್ರಿ."

"ಆವತ್ತ, ಅಲ್ಲಿ ನಿಂತಾಗ, ಇದು ಗೊತ್ತಿತ್ತೇನು ನಿಮಗ?"

"ಗೊತ್ತಿತ್ರಿ."

"ಒಂದ ಮಾತ ಹೇಳಿದ್ರ ಆ ಹೆಣ್ಮಗಳು ತಲಿ ಎತ್ತಿ ಮನಿಗೆ ಹೋಗತಿದ್ಲು. ಅದೂ ಗೊತ್ತಿತ್ತೇನು?"

"ಗೊತ್ತಿತ್ರಿ."

"ಹಂಗಾರ ದೊಡ್ಡದು ಅದು. ಅರ್ಜಿ ಅಲ್ಲ."

ಇಷ್ಟು ದಿನ ನಾನು ಬರೆದ ಕೈಯನ್ನು ಬೈದುಕೊಂಡಿದ್ದೆ. ಸುಮ್ಮನಿದ್ದ ಬಾಯಿ ನನ್ನ ನೆನಪಿನಲ್ಲೇ ಇರಲಿಲ್ಲ. ಅವರು ಸಿಟ್ಟಿನಿಂದ ಹೇಳಿರಲಿಲ್ಲ. ಕರಿ ಬಟ್ಟೆಯ ಮೇಲೆ ಎಳೆ ಹಾಸಿ ಉದ್ದ ನೋಡುವಾಗಿನ ಮುಖವೇ ಇತ್ತು. ಸಿಟ್ಟಾಗಿದ್ದರೆ ನಾನೂ ಸಿಟ್ಟಾಗಿ ಎದ್ದು ಬರಬಹುದಿತ್ತು.

"ನಾ ಕ್ಷಮಾ ಮಾಡೇನಿ," ಅಂದರು.

ನನ್ನ ಗುಣ ಎಲ್ಲಿ ಹೋಗುತ್ತದೆ? "ಇಷ್ಟ ಲಗೂನ?" ಎಂದು ಕೇಳಿಯೇಬಿಟ್ಟೆ.

"ಲಗೂನ ಎಲ್ಲಿ ಬಂತ್ರಿ? ಏಳ ತಿಂಗಳ ಹತ್ತೇತಿ. ಯಾರ ಬರದಿದ್ರೂ ಮಾಡತೀನಿ ಅಂತ ಮಾಡಿ ಇಟ್ಟಿದ್ದೆ. ಹೆಸರು ಈಗ ತಿಳೀತು, ಅಷ್ಟ." ಧ್ವನಿ ಇಳಿಸಿ ಹೇಳಿದರು: "ಕಂಪೌಂಡರ್ ಬರದಾನ ಅಂತ ತಿಳಕೊಂಡಿದ್ದೆ ನಾ. ಅಂವನ ಕೂಡ ಚಹಾ ಕುಡಿಯೂದು ಬಿಟ್ಟ ಬಿಟ್ಟೆ. ಅಂವ ಎರಡ ಸಲ ಮನಿಗೆ ಬಂದ, ಇಲ್ಲ ಅಂತ ಹೇಳಿಸಿದೆ. ಅದು ನನ್ನದು. ಅದರ ತೂಕ ನಾ ನೋಡಕೋತೀನಿ."

ಆ ಮಾತು ಹೇಳುವಾಗ ಅವರ ಮುಖ ಬಾಡಿತ್ತು. ಅಲ್ಲಿಯವರೆಗೆ ನನ್ನ ಮನಸ್ಸಿನ ಮೂಲೆಯಲ್ಲಿ ಅವರು ದೊಡ್ಡ ಮನುಷ್ಯನ ಸೋಗು ಹಾಕುತ್ತಿದ್ದಾರೆ ಎಂಬ ಅನುಮಾನವಿತ್ತು. ಅದು ಆ ಕ್ಷಣ ಹೋಯಿತು. ಹೊರಡುವಾಗ ಬಾಗಿಲವರೆಗೆ ಬಂದು, "ನೀಲವ್ವಗ ಹೇಳ್ರಿ. ಹೆಸರು ಕಸಗೊಂಡಾವ್ರು ಅದನ್ನ ತಿರುಗಿ ಕೊಡಬೇಕು. ಕ್ಷಮಾ ಸಿಕ್ಕಿತಂತ ಅದು ತಪ್ಪೂದಿಲ್ಲ" ಅಂದರು.

ಶಲವಡಿಗೆ ಹೋದೆ. ನೀಲವ್ವ ಕೂಡ್ರಿ ಅನ್ನಲಿಲ್ಲ. ನಿಂತುಕೊಂಡೇ ಎಲ್ಲ ಕೇಳಿ, "ನನ್ನ ಹತ್ತಿ ಎಲ್ಲಾರ ಮುಂದ ಸುರುವಿಸಿದ್ರಿ. ಈಗ ಒಬ್ಬಾಕಿ ಮುಂದ ಬಂದು ಕಿವ್ಯಾಗ ಹೇಳತೀರೇನು? ಬಾಜಾರದಾಗ ಹೇಳ್ರಿ, ಹೋಗ್ರಿ" ಅಂದಳು.

ಮಾರುಕಟ್ಟೆಯ ದಿನ, ಹತ್ತಿಯ ಲಿಲಾವು, ಅಂದರೆ ಹರಾಜು, ಶುರುವಾಗುವ ಮೊದಲು, ಕಾಟಾದ ಕಲ್ಲಿನ ಮೇಲೆ ನಿಂತು ಹೇಳಿದೆ. ಅರ್ಜಿ ಬರೆದವನು ನಾನು, ಹತ್ತಿ ಒಣಗಿಯೇ ಇತ್ತು, ಅದು ಸುರಿದ ದಿನವೇ ನನಗೆ ಗೊತ್ತಿತ್ತು. ಜನ ಉಗುಳುತ್ತಾರೆ, ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಜನ ಉಗುಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅಡತ್ಯಾ ನನ್ನ ಹೆಗಲ ಮೇಲೆ ಕೈ ಹಾಕಿ, ಎಲ್ಲರಿಗೂ ಕೇಳುವಂತೆ, "ಎಷ್ಟ ತಿನಿಸಿದಲೇ ಪಾದ್ರಿ ನಿನಗ? ಏನ, ಕಿರಿಸ್ತಾನ ಆಗಾಂವ ಅದಿ ಏನ?" ಅಂದ.

ಇಡೀ ಮಾರುಕಟ್ಟೆ ಅದನ್ನು ನಂಬಿತು. ನನ್ನ ಸುಳ್ಳನ್ನು ಒಂದು ದಿನದಲ್ಲಿ ನಂಬಿದವರು ನನ್ನ ನಿಜವನ್ನು ನಂಬಲಿಲ್ಲ. ತಿಂಗಳೊಳಗೆ ನನ್ನನ್ನು ಕಾಟಾದಿಂದ ಎಬ್ಬಿಸಿ ಟಪಾಲಿನ ಮೇಜಿಗೆ ಹಾಕಿದರು. ಸಿಟ್ಟಿನಿಂದ ಚಹಾದ ಅಂಗಡಿಯಲ್ಲಿದ್ದ ಗ್ರೇಡರ ಹತ್ತಿರ ಹೋಗಿ, "ಹೇಳಿದ್ರ ಏನ ಉಪಯೋಗ ಆತ್ರಿ? ಇನ್ನೂ ಕೆಟ್ಟ ಆತು" ಅಂದೆ.

"ನಂಬೂದು ಬಿಡೂದು ಅವರದು," ಅಂದರು. "ಹೇಳೂದು ನಿಮ್ಮದು. ಒಮ್ಮೆ ಹೇಳಿ ಮುಗಸಾಕ ಅದೇನ ಬಸ್ಸಿನ ಟಿಕೀಟ ಏನ್ರಿ?" ಅಂದು ಬಾಜು ಕೂತ ಕಂಪೌಂಡರಿಗೂ ಸೇರಿಸಿ ಚಹಾ ಹೇಳಿದರು. ಅವರಿಬ್ಬರೂ ಮತ್ತೆ ಜೊತೆಯಲ್ಲಿ ಕೂತು ಜಗಳಾಡತೊಡಗಿದ್ದರು. ಚರ್ಚಿನಲ್ಲಿ ಮತ್ತೆ ಓದಲು ಕರೆದರೂ ಅವರು ಒಪ್ಪಲಿಲ್ಲ ಎಂದು ಮುಂದೆ ಹಸನಸಾಬನಿಂದ ತಿಳಿಯಿತು. ಅದನ್ನು ಕೇಳಿದ ದಿನ ನಾನು ಊಟ ಬಿಟ್ಟೆ.

ನಿವೃತ್ತರಾಗಿ ಹುಬ್ಬಳ್ಳಿಗೆ ಹೋದವರು ಹೆಚ್ಚು ದಿನ ಬದುಕಲಿಲ್ಲ. ಸುದ್ದಿ ಬಂದ ದಿನ ಹಸನಸಾಬ, ಕಂಪೌಂಡರ್, ನಾನು ಕೂಡಿಯೇ ಗಾಡಿ ಹತ್ತಿದೆವು. ಗೋರಿ ತೋಟದಲ್ಲಿ ಬಿಸಿಲು ಸುಡುತ್ತಿತ್ತು. ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದರು, ಹೆಚ್ಚಿನದೇನೂ ನನಗೆ ತಿಳಿಯಲಿಲ್ಲ. ಪೆಟ್ಟಿಗೆಯ ಮೇಲೆ ಮಣ್ಣು ಹಾಕಲು ಸಾಲಾಗಿ ನಿಂತಾಗ, ನನ್ನ ಮುಂದಿದ್ದ ಇಬ್ಬರು, ಅವರ ಚರ್ಚಿನವರೇ, ಪಿಸುಗುಟ್ಟುತ್ತಿದ್ದರು. "ಮನಷ್ಯಾ ಒಳ್ಳೇವ. ಆದರ ಆ ಹತ್ತಿ ಬಾಜಾರದಾಗ ಏನೋ ತಿಂದಿದ್ದ ಅಂತಾರಲ್ಲ..."

ನಾನು ಹಾಗೆ ಅಂದವನ ತೋಳು ಮುಟ್ಟಿದೆ. "ಇಲ್ರಿ. ಅವರು ಏನೂ ತಿಂದಿಲ್ಲ. ಆ ಸುಳ್ಳು ಅರ್ಜಿ ಬರದಾಂವ ನಾನು. ಸುಳ್ಳು ಅಂತ ಗೊತ್ತಾದ ಮ್ಯಾಲೂ ಸುಮ್ಮ ನಿಂತಾಂವನೂ ನಾನ."

ಅವನು ನನ್ನ ಹಣೆಯ ವಿಭೂತಿಯಿಂದ ಕಾಲಿನ ಚಪ್ಪಲಿಯವರೆಗೆ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು, ನನ್ನದೇ ನೋಟ ಅದು. ಇವನು ಯಾರು, ಈ ಹೊತ್ತಿನಲ್ಲಿ ಇದನ್ನು ಯಾಕೆ ಹೇಳುತ್ತಿದ್ದಾನೆ, ಇದರಲ್ಲಿ ಇವನದೇನಿದೆ. ಒಂದು ಹೆಜ್ಜೆ ಸರಿದು ನಿಂತ. ನಾನು ಸರಿಯಲಿಲ್ಲ. ಅವನ ಬಾಜು ಇದ್ದವನಿಗೂ ಕೇಳಲಿ ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.